ಅವನಿಗೆ ಆಟ ಬರುತ್ತಿತ್ತು

ಹೋದ ತಿಂಗಳ ಎರಡನೇ ಭಾನುವಾರ ನಮ್ಮ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಮಕ್ಕಳ ಚೆಸ್ ಪಂದ್ಯಾವಳಿಯ ಬಹುಮಾನ ವಿತರಣೆ ಇತ್ತು. ಪುಣೆಯ ವಾಕಡ್, ಪಿಂಪಳೆ ಸೌದಾಗರ್ ಕಡೆ ಇರುವವರಿಗೆ ಇಂಥ ಕ್ಲಬ್‌ಹೌಸನ್ನು ಬಣ್ಣಿಸಿ ಹೇಳಬೇಕಿಲ್ಲ. ಮೂಲೆಯಲ್ಲಿ ಕೆಟ್ಟು ನಿಂತ ಟ್ರೆಡ್‌ಮಿಲ್, ಗೋಡೆಯ ಮೇಲೆ ಗಣಪತಿ ಹಬ್ಬದಲ್ಲಿ ಅಂಟಿಸಿ ಇನ್ನೂ ಕೀಳದ ಝರಿಹಾಳೆ, ಹಿಂದೆ ನಿಂತ ಅಪ್ಪಂದಿರ ಕೈಯಲ್ಲಿ ಫೋನು. ನಾವು ಕೆಲವು ಕನ್ನಡದ ಮನೆಯವರು ಸೇರಿ ಎರಡು ವರ್ಷದಿಂದ ನಡೆಸುತ್ತಿರುವ ಚೆಸ್ ಕ್ಲಾಸಿನ ಕಾರ್ಯಕ್ರಮ ಅದು. ಕ್ಲಾಸಿನಲ್ಲಿ ಮರಾಠಿ, ತೆಲುಗು, ಹಿಂದಿ ಮಕ್ಕಳೂ ಇದ್ದಾರೆ.

ಅತಿಥಿಯಾಗಿ ಬಂದವರು ಒಳ್ಳೆಯ ಮಾತುಗಾರರು. ಮಕ್ಕಳಿಗೆ ಸುಲ್ತಾನ್ ಖಾನನ ಕತೆ ಹೇಳಿದರು. ಪಂಜಾಬಿನ ಹಳ್ಳಿಯ ಒಬ್ಬ ಆಳು. ಓದು ಬಾರದು, ಬರಹ ಬಾರದು, ಚೆಸ್ಸಿನ ಒಂದು ಪುಸ್ತಕವನ್ನೂ ಕಂಡವನಲ್ಲ. ಯಜಮಾನ ಲಂಡನ್ನಿಗೆ ಕರೆದೊಯ್ದ. ಹೋದ ಕೆಲವೇ ತಿಂಗಳಲ್ಲಿ ಆತ ಬ್ರಿಟಿಷ್ ಚಾಂಪಿಯನ್. ಆಮೇಲೆ ಕಾಪಾಬ್ಲಾಂಕಾನನ್ನೇ ಸೋಲಿಸಿದ. ಕೊನೆಗೆ ಬಂದ ದಾರಿಯಲ್ಲೇ ಹಳ್ಳಿಗೆ ಮರಳಿ ಕಾಣೆಯಾದ. ‘ಮಕ್ಕಳೇ, ಪ್ರತಿಭೆ ಎಂದರೆ ಇದು. ಇದನ್ನು ಯಾರೂ ಕಲಿಸಲಾರರು, ಹುಟ್ಟುವಾಗಲೇ ಬರಬೇಕು’ ಎಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಸುಳ್ಳು ಹೇಳುವುದಿಲ್ಲ.

ಆಮೇಲೆ ಚಹಾ, ಸಮೋಸ. ಅಲ್ಲಿ ಇನ್ನೊಂದು ಮಾತು ಬಂತು. ನಮ್ಮ ಗೇಟಿನ ಎದುರಿಗೇ ಹೊಸ ಕಟ್ಟಡ ಏಳುತ್ತಿದೆ. ಅಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಬಂದವರಲ್ಲಿ ಬಹಳ ಮಂದಿ ನಮ್ಮವರೇ, ಯಾದಗಿರಿ, ಕಲಬುರಗಿ ಕಡೆಯವರು. ಸುರಪುರ ತಾಲ್ಲೂಕಿನ ಒಂದು ಕುಟುಂಬದ ಹುಡುಗ, ಹತ್ತು ವರ್ಷದವನಿರಬೇಕು, ಅವನ ತಾಯಿ ನಮ್ಮಲ್ಲಿ ಎರಡು ಮನೆಗೆ ಪಾತ್ರೆ ತೊಳೆಯಲು ಬರುತ್ತಾಳೆ. ಆಕೆ ಬಂದಾಗಲೆಲ್ಲ ಹುಡುಗ ಕ್ಲಬ್‌ಹೌಸಿನ ಗಾಜಿಗೆ ಮೂಗು ಒತ್ತಿ ನಿಂತಿರುತ್ತಾನೆ. ಅವನನ್ನೂ ಕ್ಲಾಸಿಗೆ ಸೇರಿಸೋಣವೇ ಎಂದು ಯಾರೋ ಕೇಳಿದರು. ಕ್ಲಾಸು ನೋಡಿಕೊಳ್ಳುವ ನಮ್ಮವರೊಬ್ಬರು ಉದಾರವಾಗಿಯೇ ಹೇಳಿದರು: ‘ಸೇರಿಸೋಣ ಸರ್. ಮೊದಲು ಒಂದು ಟೆಸ್ಟ್ ತಗೊಳ್ಳೋಣ. ನಿಜವಾಗಲೂ ಟ್ಯಾಲೆಂಟ್ ಇದ್ದರೆ ಫೀ ಮಾಫಿ.’

ಸಮೋಸ ಗಂಟಲಲ್ಲಿ ಸಿಕ್ಕಿದ್ದು ಆಗ. ನನ್ನ ಮಗಳನ್ನು ಈ ಕ್ಲಾಸಿಗೆ ಸೇರಿಸಿದ ದಿನ ಅವಳಿಗೆ ಟ್ಯಾಲೆಂಟ್ ಇದೆಯೇ ಎಂದು ಯಾರೂ ಕೇಳಲಿಲ್ಲ. ಅವಳಿಗಿಲ್ಲ. ಕುದುರೆಯನ್ನು ಇವತ್ತಿಗೂ ಒಂಟೆಯ ಹಾಗೆ ಓರೆಯಾಗಿ ಓಡಿಸಲು ನೋಡುತ್ತಾಳೆ. ಅವಳನ್ನು ಕೇಳಿದ್ದು ಫೀ ಮಾತ್ರ. ಹಾಗಾದರೆ ಗಾಜಿನ ಹೊರಗಿನ ಹುಡುಗನಿಗೆ ಮಾತ್ರ ಈ ಪರೀಕ್ಷೆ ಯಾಕೆ? ಉತ್ತರ ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ಸುಲ್ತಾನ್ ಖಾನ್. ಆ ಮಧ್ಯಾಹ್ನದ ಭಾಷಣ ಮತ್ತು ಆ ಚಹಾದ ಹೊತ್ತಿನ ಮಾತು ಬೇರೆಬೇರೆಯಲ್ಲ, ಒಂದೇ. ಬಡವನಾದರೆ, ಹೊರಗಿನವನಾದರೆ ಪವಾಡವಾಗಿ ಬಾ. ಸುಮ್ಮನೆ ಕಲಿಯಲು ಬರಬೇಡ.

ಮೊದಲು ಆ ಮನುಷ್ಯ ಯಾರು ಎಂದು ನೋಡೋಣ. 1903ರಲ್ಲಿ ಪಂಜಾಬಿನ ಮಿಠಾ ಟಿವಾನಾದಲ್ಲಿ ಹುಟ್ಟಿದವನು. ಆ ಊರು ಈಗ ಪಾಕಿಸ್ತಾನದ ಖುಶಾಬ್ ಜಿಲ್ಲೆಯಲ್ಲಿದೆ. ಎಳವೆಯಲ್ಲೇ ತಂದೆಯಿಂದ ಆಟ ಕಲಿತ. ಗಮನಿಸಿ, ಕಲಿತ. ಇಪ್ಪತ್ತೊಂದರ ಹೊತ್ತಿಗೆ ಪಂಜಾಬಿನ ಅತಿ ಪ್ರಬಲ ಆಟಗಾರ ಎಂದು ಹೆಸರಾಗಿದ್ದ. ಟಿವಾನಾ ಮನೆತನದ ದೊಡ್ಡ ಜಮೀನ್ದಾರ ಸರ್ ಉಮರ್ ಹಯಾತ್ ಖಾನ್ ಅವನನ್ನು ತನ್ನ ಆಶ್ರಯಕ್ಕೆ ಕರೆದುಕೊಂಡು ಯುರೋಪಿನ ನಿಯಮಗಳನ್ನು ಕಲಿಸಲು ಏರ್ಪಾಡು ಮಾಡಿದ. 1928ರ ಅಖಿಲ ಭಾರತ ಚಾಂಪಿಯನ್‌ಶಿಪ್‌ನಲ್ಲಿ ಎಂಟು ಗೆಲುವು, ಒಂದು ಡ್ರಾ, ಸೋಲೇ ಇಲ್ಲ. 1929ರ ವಸಂತದಲ್ಲಿ ಲಂಡನ್ನಿಗೆ ಹೋದವನು ‘ಯಾರೋ ಒಬ್ಬ ಆಳು’ ಅಲ್ಲ, ಭಾರತದ ಚಾಂಪಿಯನ್.

ಅವನು ಆಳೇ ಆಗಿರಲಿಲ್ಲ ಎಂಬ ಮಾತೂ ಇದೆ. 2020ರಲ್ಲಿ ಇಂಗ್ಲೆಂಡಿನ ಗ್ರ್ಯಾಂಡ್‌ಮಾಸ್ಟರ್ ಡೇನಿಯಲ್ ಕಿಂಗ್ ಅವನ ಬಗ್ಗೆ ಒಂದು ಪುಸ್ತಕ ತಂದರು. ಶೀರ್ಷಿಕೆಯಲ್ಲೇ ‘ಭಾರತೀಯ ಸೇವಕ’ ಎಂದಿತ್ತು. ಸುಲ್ತಾನ್ ಖಾನನ ಮೊಮ್ಮಗಳು ಬಹಿರಂಗವಾಗಿ ಆಕ್ಷೇಪಿಸಿದರು. ಅಜ್ಜ ಯಾರ ಸೇವಕನೂ ಅಲ್ಲ, ಜಮೀನಿದ್ದ, ಧಾರ್ಮಿಕ ವಿದ್ವತ್ತಿನ ಹೆಸರಿದ್ದ ಮನೆತನದವರು, ಓದುಬರಹ ಬಲ್ಲವರು ಎಂದರು. ಸೇವಕನ ಚಿತ್ರಕ್ಕೆ ಬಣ್ಣ ತುಂಬಿದ್ದು ಹೆಚ್ಚಾಗಿ ಒಂದು ಊಟದ ಕತೆ. ಅಮೆರಿಕದ ರೂಬೆನ್ ಫೈನ್ ಬರೆದದ್ದು. 1933ರಲ್ಲಿ ಅಮೆರಿಕದ ತಂಡವನ್ನು ಸರ್ ಉಮರ್ ಮನೆಗೆ ಕರೆದಾಗ ಬಡಿಸಲು ಬಂದವನು ಸುಲ್ತಾನ್ ಖಾನನೇ ಎಂದು ಫೈನ್ ಕಕ್ಕಾಬಿಕ್ಕಿಯಾದರಂತೆ. ನಾನು ಆ ಊಟದಲ್ಲಿರಲಿಲ್ಲ, ಅಲ್ಲಿ ನಡೆದದ್ದೇನು ಎಂದು ಪ್ರಮಾಣ ಮಾಡಲಾರೆ. ಆದರೆ ವಿಜಯಪುರ ಜಿಲ್ಲೆಯ ನಮ್ಮ ಮನೆಯಲ್ಲಿ ಬೀಗರು ಬಂದರೆ ಬಡಿಸುವವರು ಮನೆಯ ಗಂಡುಮಕ್ಕಳೇ. ಬಿ.ಇ. ಮೊದಲ ದರ್ಜೆಯಲ್ಲಿ ಪಾಸಾದ ವರ್ಷ ನಾನೂ ಪಂಕ್ತಿಯಲ್ಲಿ ಬಗ್ಗಿ ಶೇಂಗಾ ಹೋಳಿಗೆ ಬಡಿಸಿದ್ದೇನೆ. ಅಮೆರಿಕದವರು ಯಾರಾದರೂ ಕೂತಿದ್ದರೆ ನನ್ನನ್ನೂ ಏನೆಂದು ಬರೆಯುತ್ತಿದ್ದರೋ.

ಇಷ್ಟಕ್ಕೂ ಅವನು ಆಳಾಗಿದ್ದರೆ ತಪ್ಪೇನು? ಸರ್ ಉಮರ್ ಕರೆದಲ್ಲಿಗೆ ಹೋಗಬೇಕಿತ್ತು, ಹೊರಟಾಗ ಹೊರಡಬೇಕಿತ್ತು, ಆ ಪರಾಧೀನತೆ ನಿಜವೇ. ನನ್ನ ತಕರಾರು ‘ಆಳು’ ಎಂಬ ಮಾತಿನ ಮೇಲಲ್ಲ, ‘ಏನೂ ಬಾರದವನು’ ಎಂಬ ಮಾತಿನ ಮೇಲೆ. ಏಕೆಂದರೆ ಅವನಿಗೆ ಬರುತ್ತಿತ್ತು. ಲಂಡನ್ನಿನವರಿಗೆ ಗೊತ್ತಿಲ್ಲದ ಒಂದು ಇಡೀ ಆಟ ಬರುತ್ತಿತ್ತು.

ಆ ಆಟವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ, ಅಜ್ಜನದೋ ಮಾವನದೋ ಕಟ್ಟೆಯ ಮೇಲೆ. ನಮ್ಮೂರಲ್ಲಿ ಹಣಮಪ್ಪನ ಗುಡಿಯ ಕಟ್ಟೆಗೆ ಇದ್ದಿಲಲ್ಲಿ ಗೆರೆ ಎಳೆದಿದ್ದರು. ರಾಜ, ವಜೀರ, ಆನೆ, ಕುದುರೆ, ಒಂಟೆ, ಪ್ಯಾದೆ. ಪ್ಯಾದೆಗೆ ಮೊದಲ ನಡೆಯಲ್ಲೂ ಒಂದೇ ಮನೆ, ಎರಡು ಜಿಗಿಯುವಂತಿಲ್ಲ. ಕ್ಯಾಸ್ಲಿಂಗ್ ಎಂಬುದೇ ಇಲ್ಲ. ಬದಲಿಗೆ ರಾಜನಿಗೆ ಇಡೀ ಆಟದಲ್ಲಿ ಒಮ್ಮೆ, ಅದೂ ಶಹ ಬೀಳುವ ಮೊದಲು, ಕುದುರೆಯಂತೆ ನೆಗೆಯುವ ಅವಕಾಶ. ಪ್ಯಾದೆ ಕೊನೆಯ ಮನೆ ಮುಟ್ಟಿದರೆ ಬೇಕೆಂದಂತೆ ವಜೀರನಾಗುವುದಿಲ್ಲ. ಯಾವ ಸಾಲಿನಲ್ಲಿ ಮುಟ್ಟಿತೋ ಆ ಸಾಲಿನ ಕಾಯಿಯೇ ಆಗಬೇಕು. ಊರಿಂದೂರಿಗೆ ಸಣ್ಣಪುಟ್ಟ ವ್ಯತ್ಯಾಸ ಇದ್ದವು, ಬುಡ ಇದೇ. ಪ್ಯಾದೆ ಒಂದೊಂದೇ ಮನೆ ಏರುವುದರಿಂದ ಎರಡು ದಂಡು ಎದುರಾಗಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಕಾಯಿಗಳನ್ನು ಹಿಂದೆಯೇ ಜೋಡಿಸಿಕೊಳ್ಳಬೇಕು, ಬಿಗಿದ ಜಾಗದಲ್ಲಿ ಹೊರಳಬೇಕು, ಅವಸರ ಮಾಡದೆ ಕಾಯಬೇಕು. ಹಸುಳೆಯಿಂದ ಇದನ್ನು ಆಡಿದವನಿಗೆ ಯುರೋಪಿನ ಓಪನಿಂಗ್‌ಗಳು ಗೊತ್ತಿರುವುದಿಲ್ಲ, ಸರಿ. ಮಧ್ಯದಾಟ, ಕೊನೆಯಾಟ ಎಷ್ಟು ಗೊತ್ತಿರುತ್ತದೆಂದು ಕೇಳಿದವರಾರು?

ಈ ಆಟಕ್ಕೆ ಪುಸ್ತಕವೂ ಇರಲಿಲ್ಲ, ಪರಂಪರೆಯೂ ಇರಲಿಲ್ಲ ಎನ್ನುವವರಿಗೆ ಎರಡು ಮಾತು. 1814ರಷ್ಟು ಹಿಂದೆಯೇ ಮುಂಬಯಿಯಲ್ಲಿ ತ್ರಿವೇಂಗಡಾಚಾರ್ಯ ಶಾಸ್ತ್ರಿಯವರ ಚದುರಂಗದ ಸಮಸ್ಯೆಗಳು ಸಂಸ್ಕೃತದಿಂದ ಇಂಗ್ಲಿಷಿಗೆ ಬಂದು, ಯುರೋಪಿನ ಆಟಕ್ಕೆ ಹೊಂದಿಸಿ ಅಚ್ಚಾಗಿದ್ದವು. ನಮ್ಮ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ರಾಜ್ಯದ ಆಡಳಿತ ಬ್ರಿಟಿಷರ ಕೈಗೆ ಹೋದ ಮೇಲೆ ಕೂತಲ್ಲೇ ಮಾಡಿದ್ದು ಸಣ್ಣ ಕೆಲಸವಲ್ಲ. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗವನ್ನು ಆಟಗಳಿಗೇ ಮೀಸಲಿಟ್ಟರು. ಕುದುರೆ ಅರವತ್ನಾಲ್ಕು ಮನೆಯನ್ನೂ ಒಮ್ಮೊಮ್ಮೆ ಮಾತ್ರ ಮುಟ್ಟಿ ಬರುವ ಬಂಧಗಳನ್ನು ಕಟ್ಟಿದರು, ಆ ಮನೆಗಳಿಗೆ ಅಂಕಿ ಹಾಕಿದರೆ ಸಾಲುಸಾಲಿನ ಮೊತ್ತ ಒಂದೇ ಬರುವ ಹಾಗೆ. ಗಣಿತದವರು ಇವತ್ತಿಗೂ ಅದನ್ನು ಕುತೂಹಲದಿಂದ ನೋಡುತ್ತಾರೆ. ನಾವು ದಸರೆಗೆ ಹೋದಾಗ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರದ ಮುಂದೆ ಸೆಲ್ಫಿ ತೆಗೆದು ಹೊರಬರುತ್ತೇವೆ. ಅದೇ ಕಟ್ಟಡದಲ್ಲಿ ಮುಮ್ಮಡಿಯವರ ಆಟಗಳೂ ಇವೆ.

ಬೇರೆಯವರನ್ನು ಬೈಯುವ ಮೊದಲು ನನ್ನದೂ ಒಂದು ಹೇಳಿಬಿಡುತ್ತೇನೆ. ಎಂಜಿನಿಯರಿಂಗ್ ಎರಡನೇ ವರ್ಷ ಹಾಸ್ಟೆಲಿನಲ್ಲಿ ಚೆಸ್ ಕಲಿತು ದೀಪಾವಳಿಗೆ ಊರಿಗೆ ಹೋಗಿದ್ದೆ. ಕಟ್ಟೆಯ ಮೇಲೆ ನಮ್ಮ ಕಾಕಾನನ್ನು ಕೂರಿಸಿಕೊಂಡೆ. ‘ಇಂಟರ್‌ನ್ಯಾಷನಲ್ ರೂಲ್ಸ್’ ಎಂದು ಹೇಳಿ ಶುರು ಮಾಡಿದೆ. ಪ್ಯಾದೆಯನ್ನು ಎರಡು ಮನೆ ದಾಟಿಸಿದೆ, ಕಾಕಾ ಕಣ್ಣು ಕಿರಿದಾಗಿಸಿದ. ಕ್ಯಾಸ್ಲಿಂಗ್ ಮಾಡಿದೆ, ‘ಒಮ್ಮಿಗೇ ಎರಡು ಕಾಯಿ ಎತ್ತೀಯೇನೋ?’ ಎಂದ. ಇಪ್ಪತ್ತು ನಡೆಯೊಳಗೆ ಮುಗಿಸಿ, ನಾಲ್ಕು ಮಂದಿ ನೋಡುತ್ತಿರುವಾಗ, ‘ಕಾಕಾ, ನಿಮಗ ಆಟಾನ ಬರಂಗಿಲ್ಲ’ ಎಂದೆ. ಕಾಕಾ ಸಿಟ್ಟಾಗಲಿಲ್ಲ. ಕಾಯಿ ಮತ್ತೆ ಜೋಡಿಸಿ, ‘ಈಗ ನಮ್ಮ ಪದ್ಧತಿಲೆ ಒಂದು ಕೈ ಆಡೂಣು ಬಾ’ ಎಂದ. ಮೂರು ಕೈ ಆಡಿದೆವು. ಮೂರೂ ಸೋತೆ. ಮೂರನೆಯದರಲ್ಲಿ ಬೇಕೆಂದೇ ಕಾಯಿಸಿ ಪ್ಯಾದೆಯಿಂದ ಮಾತ್ ಕೊಟ್ಟ. ನಮ್ಮ ಕಡೆ ಅದಕ್ಕಿಂತ ದೊಡ್ಡ ಮರ್ಯಾದೆಗೇಡು ಇಲ್ಲ. ಕಾಕಾ ಏಳನೇ ಇಯತ್ತೆ ಓದಿದ್ದ. ಅವನ ಆಟ ಹುಟ್ಟಿನಿಂದ ಬಂದದ್ದಲ್ಲ, ಮೂವತ್ತು ವರ್ಷ ಸಂಜೆ ಸಂಜೆ ಕೂತು ಬಂದದ್ದು.

ಈಗ ಸುಲ್ತಾನ್ ಖಾನನ ಆಟಗಳಿಗೆ ಬರುತ್ತೇನೆ. ಕತೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ಬರುವುದೇ ಇಲ್ಲ. ಪವಾಡ ಸಾಕು, ನಡೆಗಳು ಬೇಡ.

ಲಂಡನ್ನಿಗೆ ಬಂದ ಹೊಸದರಲ್ಲಿ ಅವನಿಗಾಗಿಯೇ ಒಂದು ಅಭ್ಯಾಸ ಪಂದ್ಯಾವಳಿ ಏರ್ಪಡಿಸಿದ್ದರು. ಅದರಲ್ಲಿ ಕೊನೆಯ ಸ್ಥಾನವನ್ನು ಇನ್ನೊಬ್ಬರೊಡನೆ ಹಂಚಿಕೊಂಡ. ಪವಾಡಪುರುಷರು ಕೊನೆಯ ಸ್ಥಾನಕ್ಕೆ ಬರುವುದಿಲ್ಲವಲ್ಲ, ಆದ್ದರಿಂದ ಭಾಷಣಗಳಲ್ಲಿ ಈ ಪಂದ್ಯಾವಳಿ ಇರುವುದಿಲ್ಲ. ಆಮೇಲೆ ವಿಲಿಯಂ ವಿಂಟರ್ ಮತ್ತು ಫ್ರೆಡರಿಕ್ ಯೇಟ್ಸ್ ಎಂಬ ಇಬ್ಬರು ಪ್ರಬಲ ಆಟಗಾರರು ಅವನ ಜೊತೆ ಕೂತು ತಯಾರಿ ಮಾಡಿಸಿದರು. ಆ ಬೇಸಗೆಯಲ್ಲಿ ರಾಮ್ಸ್‌ಗೇಟ್‌ನಲ್ಲಿ ಬ್ರಿಟಿಷ್ ಚಾಂಪಿಯನ್ ಆದ. ಸೋತ, ಕಲಿತ, ಗೆದ್ದ. ನಮ್ಮ ನಿಮ್ಮ ಮಕ್ಕಳು ಆಗುವುದೂ ಹೀಗೇ, ಆದರೆ. 1932, 1933ರಲ್ಲಿ ಮತ್ತೆ ಚಾಂಪಿಯನ್. ನಡುವೆ 1930ರಲ್ಲಿ ಬೆಲ್ಜಿಯಮ್ಮಿನ ಲಿಯೇಜ್‌ನಲ್ಲಿ ತಾರ್ತಾಕೋವರ್ ನಂತರ ಎರಡನೇ ಸ್ಥಾನ. 1931ರಲ್ಲಿ ಅದೇ ತಾರ್ತಾಕೋವರನ ಮೇಲೆ ನೇರ ಪಂದ್ಯದಲ್ಲಿ ಆರೂವರೆ–ಐದೂವರೆ ಗೆಲುವು. ಅದೇ ವರ್ಷ ಪ್ರಾಗ್ ಒಲಿಂಪಿಯಾಡಿನಲ್ಲಿ ಇಂಗ್ಲೆಂಡಿನ ಮೊದಲ ಬೋರ್ಡು ಅವನದು. ಹದಿನೇಳು ಆಟದಲ್ಲಿ ಎಂಟು ಗೆಲುವು, ಏಳು ಡ್ರಾ, ಎರಡೇ ಸೋಲು. ಸೋತವರಲ್ಲಿ ಫ್ಲೋರ್, ರೂಬಿನ್‌ಸ್ಟೈನ್. ಡ್ರಾ ಮಾಡಿಕೊಂಡವರಲ್ಲಿ ಆಗಿನ ವಿಶ್ವ ಚಾಂಪಿಯನ್ ಅಲೆಖಿನ್.

ಇನ್ನು ಕಾಪಾಬ್ಲಾಂಕಾ ಆಟ. 1930–31ರ ಹೇಸ್ಟಿಂಗ್ಸ್. ದಯವಿಟ್ಟು ಬೋರ್ಡು ತೆಗೆದು ಒಮ್ಮೆ ಆಡಿ ನೋಡಿ, ಯಾವ ಡೇಟಾಬೇಸಿನಲ್ಲೂ ಸಿಗುತ್ತದೆ. ಬಿಳಿ ಕಾಯಿ ಸುಲ್ತಾನ್ ಖಾನನದು. ಐದನೇ ನಡೆಯಲ್ಲಿ ಅಂಚಿನ ಪ್ಯಾದೆಯನ್ನು ಒಂದೇ ಒಂದು ಮನೆ ಮುಂದಿಡುತ್ತಾನೆ. ನೋಡಲು ಏನೂ ಅಲ್ಲ, ಕಟ್ಟೆಯ ಮೇಲಿನ ಮುದುಕರ ನಡೆ. ಎದುರಾಳಿಯ ಕಾಯಿ ಮುಂದೆ ಬಂದು ತನ್ನ ಕುದುರೆಯನ್ನು ಕಟ್ಟಿಹಾಕದಂತೆ ಅದು ತಡೆಯುತ್ತದೆ. ದಶಕಗಳ ನಂತರ ಕ್ವೀನ್ಸ್ ಇಂಡಿಯನ್ನಿನಲ್ಲಿ ಆ ಸಣ್ಣ ನಡೆಗೆ ಪೆಟ್ರೋಸಿಯನ್ನನ ಹೆಸರು ಅಂಟಿತು. ಸುಲ್ತಾನ್ ಖಾನ್ ಆ ಆಟದಲ್ಲಿ ಕೊನೆಯವರೆಗೂ ಕ್ಯಾಸ್ಲಿಂಗ್ ಮಾಡಲಿಲ್ಲ. ರಾಜ ನಡುವೆಯೇ ನಿಂತ. ಕಾಪಾಬ್ಲಾಂಕಾ ಶಹ ಕೊಡುತ್ತ ಬಂದು, ತನ್ನ ಎರಡು ಆನೆ ಒಪ್ಪಿಸಿ ಅವನ ವಜೀರನನ್ನು ಹೊಡೆದ. ಅವತ್ತಿನವರೆಗೆ ಹತ್ತು ವರ್ಷದಲ್ಲಿ ಆತ ಸೋತ ಆಟಗಳನ್ನು ಬೆರಳಲ್ಲಿ ಎಣಿಸಬಹುದಿತ್ತು, ಧೈರ್ಯ ಇದ್ದೇ ಇತ್ತು. ಆದರೆ ಹೊಡೆದ ಮೇಲೆ ಆ ವಜೀರನ ಬಲಕ್ಕೆ ಒಳಹೋಗಲು ಬಾಗಿಲೇ ಇರಲಿಲ್ಲ. ಪ್ಯಾದೆಗಳ ಸರಪಳಿ ಎಲ್ಲ ಕಡೆ ಬಿಗಿದಿತ್ತು. ಸುಲ್ತಾನ್ ಖಾನನ ರಾಜ ಅದರ ಮರೆಯಲ್ಲಿ ಎರಡು ಹೆಜ್ಜೆ ನಡೆದು ಕ್ಷೇಮವಾಗಿ ಕೂತ. ಅಲ್ಲಿಂದ ನಲವತ್ತು ನಡೆ ಹಿಂಡಿದ, ಹಿಂಡಿದ, ಹಿಂಡಿದ. 65 ನಡೆಯಲ್ಲಿ ಆಟ ಮುಗಿಯಿತು. ಆ ಪಂದ್ಯಾವಳಿಯಲ್ಲಿ ಯೂವೆ ಮೊದಲು, ಕಾಪಾಬ್ಲಾಂಕಾ ಎರಡನೆಯವನು, ಇವನು ಮೂರು.

ಇದರಲ್ಲಿ ಮಾಯ ಎಲ್ಲಿದೆ? ಒಂದೊಂದೇ ಮನೆ ಏರುವ ಪ್ಯಾದೆ, ಕೋಟೆ ಕಟ್ಟದ ರಾಜ, ಬಿಗಿದ ಜಾಗದಲ್ಲಿ ಬೇಸರವಿಲ್ಲದ ಕಾಯುವಿಕೆ. ಇದು ಹಣಮಪ್ಪನ ಕಟ್ಟೆಯ ಆಟ, ಹೇಸ್ಟಿಂಗ್ಸಿನ ಮೇಜಿನ ಮೇಲೆ. ಅದಕ್ಕೆ ಯುರೋಪಿನವರು ‘ಸಹಜ ಪ್ರತಿಭೆ’ ಎಂದು ಹೆಸರಿಟ್ಟದ್ದು ಅರ್ಥವಾಗುತ್ತದೆ. ತಮಗೆ ಗೊತ್ತಿಲ್ಲದ ಶಾಲೆಯಲ್ಲಿ ಕಲಿತು ಬಂದವನು ಕಲಿಯದೆ ಬಂದವನಂತೆ ಕಾಣುವುದು ಸಹಜ. ಆ ಶಾಲೆ ನಮ್ಮದೇ ಆಗಿದ್ದೂ ನಾವೇ ಆ ಮಾತನ್ನು ಮೈಕಿನಲ್ಲಿ ಹೇಳುವುದು ಮಾತ್ರ ಅಸಹ್ಯ.

ಇದು ಹಳೆಯ ಕಾಲದ ಜಗಳ ಎನಿಸಿದರೆ ನಿಮ್ಮ ಆಫೀಸನ್ನೇ ನೆನೆಯಿರಿ. ಹತ್ತನೆಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿ ಹಿಂಜವಡಿಗೆ ಬಂದ ನಮ್ಮಂಥವರಿಗೆ ‘ಕನ್ನಡ ಮೀಡಿಯಮ್ಮಾ? ಆದರೂ ಎಷ್ಟು ಚೆನ್ನಾಗಿ ಕೋಡ್ ಮಾಡ್ತೀರಿ!’ ಎಂಬ ಹೊಗಳಿಕೆ ಸಿಕ್ಕಿಲ್ಲವೇ? ಆ ‘ಆದರೂ’ ಇದೆಯಲ್ಲ, ಅದೇ ಸುಲ್ತಾನ್ ಖಾನನಿಗೆ ತೊಡಿಸಿದ ಅಂಗಿ. ನನ್ನ ಗಣಿತ ಬಂದದ್ದು ಕನ್ನಡದಲ್ಲಿ ಭಿನ್ನರಾಶಿ, ಘಾತಾಂಕ ಎಂದು ಕಲಿಸಿದ ಮೇಷ್ಟ್ರಿಂದ. ಅವರನ್ನು ದಾಟಿಕೊಂಡಲ್ಲ.

ಪವಾಡದ ಇನ್ನೊಂದು ಗುಣವೆಂದರೆ, ಕೆಲಸ ಮುಗಿದ ಮೇಲೆ ಅದನ್ನು ಮರೆಯುವುದು ಸುಲಭ. 1933ರ ಕೊನೆಗೆ ಸರ್ ಉಮರ್ ಊರಿಗೆ ಹೊರಟ, ಜೊತೆಗೆ ಇವನೂ. ಅದೇ ವರ್ಷ ಅದೇ ಮನೆಯಲ್ಲಿದ್ದ ಫಾತಿಮಾ ಎಂಬ ಹೆಣ್ಣುಮಗಳು ಬ್ರಿಟಿಷ್ ಮಹಿಳಾ ಚಾಂಪಿಯನ್ ಆಗಿದ್ದಳು. ಅವಳ ಹೆಸರು ಭಾಷಣಕ್ಕೂ ಬರುವುದಿಲ್ಲ. ಒಂದು ಮನೆಯಿಂದ ಒಂದೇ ವರ್ಷ ಎರಡು ಚಾಂಪಿಯನ್ನರು ಬಂದರೆ ಅದು ಪವಾಡವಲ್ಲ, ಅಭ್ಯಾಸ ಎಂದು ಒಪ್ಪಬೇಕಾಗುತ್ತದೆ, ಅದಕ್ಕಿರಬಹುದು. 1935ರಲ್ಲಿ ಇಲ್ಲಿಯ ಖಾಡಿಲ್ಕರ್ ಎಂಬ ಆಟಗಾರರ ಜೊತೆ ಸುಲ್ತಾನ್ ಖಾನ್ ಹತ್ತು ಆಟದ ಪಂದ್ಯ ಆಡಿದ. ಬಿಟ್ಟುಕೊಟ್ಟದ್ದು ಒಂದೇ ಡ್ರಾ. ಆಮೇಲೆ ಹೊಲ, ಮನೆ. 1950ರಲ್ಲಿ ಫಿಡೆ ಮೊದಲ ಬಾರಿಗೆ 27 ಮಂದಿಗೆ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟಿತು. ಬಹಳ ಹಿಂದೆಯೇ ಆಟ ನಿಲ್ಲಿಸಿದ್ದ ರೂಬಿನ್‌ಸ್ಟೈನ್, ದುರಾಸ್ ಅಂಥವರನ್ನೂ ಹುಡುಕಿ ಗೌರವಿಸಿದರು, ಸರಿಯಾದದ್ದೇ. ರೂಬಿನ್‌ಸ್ಟೈನನನ್ನು ಪ್ರಾಗಿನಲ್ಲಿ ಸೋಲಿಸಿದ್ದವನು ಆಗ ನಲವತ್ತೇಳು ವರ್ಷದವನು, ಬದುಕಿದ್ದ. ಯಾರೂ ಹುಡುಕಲಿಲ್ಲ. 1966ರ ಏಪ್ರಿಲ್‌ನಲ್ಲಿ ತೀರಿಕೊಂಡ. 2024ರ ಫೆಬ್ರವರಿಯಲ್ಲಿ ಫಿಡೆ ಅವನಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟಿತು. ಪದವಿ ಹೋದದ್ದು ಪಾಕಿಸ್ತಾನಕ್ಕೆ. ಅವನು ಮೇಜಿನ ಮುಂದೆ ಕೂತಿದ್ದ ದಿನಗಳಲ್ಲಿ ಆ ದೇಶವೇ ಇರಲಿಲ್ಲ. ಆಡಿದ್ದು ಇಂಗ್ಲೆಂಡಿಗೆ, ಗೆದ್ದು ಹೋಗಿದ್ದು ಭಾರತದಿಂದ.

ಇನ್ನೊಂದು ತುದಿ ನಮ್ಮ ಪುಣೆಯಲ್ಲಿದೆ. ಅಭಿಜಿತ್ ಕುಂಟೆ ಈ ಊರಿನವರು. 1997 ಮತ್ತು 2000ರ ರಾಷ್ಟ್ರೀಯ ಚಾಂಪಿಯನ್, 2000ದಲ್ಲಿ ಗ್ರ್ಯಾಂಡ್‌ಮಾಸ್ಟರ್. 2024ರಲ್ಲಿ ಬುಡಾಪೆಸ್ಟ್ ಒಲಿಂಪಿಯಾಡಿನಲ್ಲಿ ಚಿನ್ನ ಗೆದ್ದ ನಮ್ಮ ಮಹಿಳಾ ತಂಡದ ನಾಯಕರಾಗಿ ಕೂತವರು. ಬ್ರಿಟಿಷ್ ಚಾಂಪಿಯನ್‌ಶಿಪ್ ಆಗ ಕಾಮನ್‌ವೆಲ್ತ್ ದೇಶದವರಿಗೆಲ್ಲ ತೆರೆದಿತ್ತು. ಸುಲ್ತಾನ್ ಖಾನ್ ಆಡಿದ್ದೂ ಅದೇ ಪಂದ್ಯಾವಳಿ. 2002ರಲ್ಲಿ ಅದನ್ನು ಚೆನ್ನೈನ ಆರ್.ಬಿ. ರಮೇಶ್ ಗೆದ್ದರು. 2003ರಲ್ಲಿ ಎಡಿನ್‌ಬರ್ಗ್‌ನಲ್ಲಿ ಕುಂಟೆ ಗೆದ್ದರು. 2004ರಿಂದ ಬಾಗಿಲು ಹಾಕಿತು. ಇನ್ನು ಬ್ರಿಟನ್ ಮತ್ತು ಐರ್ಲೆಂಡಿನವರು ಮಾತ್ರ. ನ್ಯಾಯವಾಗಿ ಹೇಳಬೇಕೆಂದರೆ, ಒಂದು ದೇಶದ ಚಾಂಪಿಯನ್‌ಶಿಪ್ ಆ ದೇಶದವರಿಗೇ ಇರುವುದರಲ್ಲಿ ತಪ್ಪಿಲ್ಲ. ನಮ್ಮ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ನಾವೂ ಹೊರದೇಶದವರನ್ನು ಬಿಡುವುದಿಲ್ಲ. ನನಗೆ ಕುತೂಹಲ ಇರುವುದು ಹೊತ್ತಿನ ಬಗ್ಗೆ. ಒಬ್ಬ ಸುಲ್ತಾನ್ ಖಾನ್ ಮೂರು ಸಲ ಗೆದ್ದಾಗ ಅದು ಅದ್ಭುತ, ನಿಯಮ ಹಾಗೇ ಉಳಿಯಿತು. ಕೋಚಿಂಗ್ ಪಡೆದು, ರೇಟಿಂಗ್ ಹಿಡಿದು, ವಿಮಾನದಲ್ಲಿ ಗುಂಪಾಗಿ ಬಂದವರು ಸಾಲಾಗಿ ಎರಡು ವರ್ಷ ಗೆದ್ದಾಗ ನಿಯಮ ನೆನಪಾಯಿತು.

ಒಳಗೆ ಬಿಟ್ಟುಕೊಳ್ಳುವುದೂ ಪವಾಡದ ಲೆಕ್ಕದಲ್ಲೇ. ಶ್ರೇಯಸ್ ರಾಯಲ್ ಹುಟ್ಟಿದ್ದು 2009ರಲ್ಲಿ, ಬೆಂಗಳೂರಿನಲ್ಲಿ. ಮೂರು ವರ್ಷದವನಿದ್ದಾಗ ತಂದೆಯ ಐ.ಟಿ. ಕೆಲಸದಿಂದಾಗಿ ಇಂಗ್ಲೆಂಡಿಗೆ ಹೋದ. ನಮ್ಮಲ್ಲಿ ಎಷ್ಟು ಮನೆಯ ಕತೆ ಅಲ್ಲವೇ ಇದು? 2018ರಲ್ಲಿ ತಂದೆಯ ವೀಸಾ ಮುಗಿಯುತ್ತ ಬಂತು, ಕುಟುಂಬ ಹೊರಡಬೇಕಿತ್ತು. ಒಂಬತ್ತು ವರ್ಷದ ಹುಡುಗ ಚೆಸ್ಸಿನಲ್ಲಿ ಅಸಾಧಾರಣ ಎಂದು ಅಲ್ಲಿಯ ಚೆಸ್ ಜಗತ್ತು, ಸಂಸದರು ದನಿ ಎತ್ತಿದರು. ಆಗಸ್ಟ್‌ನಲ್ಲಿ ಗೃಹ ಇಲಾಖೆ ಮನಸ್ಸು ಬದಲಿಸಿತು. 2024ರಲ್ಲಿ ಹದಿನೈದನೇ ವಯಸ್ಸಿಗೆ ಆತ ಬ್ರಿಟನ್ನಿನ ಅತಿ ಕಿರಿಯ ಗ್ರ್ಯಾಂಡ್‌ಮಾಸ್ಟರ್ ಆದ. ಸಂತೋಷವೇ. ಆದರೆ ಅದೇ ಆಗಸ್ಟಿನಲ್ಲಿ ಅದೇ ಬಗೆಯ ವೀಸಾ ಮುಗಿದ ಇನ್ನೊಂದು ಮನೆಯ, ಚೆಸ್ಸಿನಲ್ಲಿ ನನ್ನ ಮಗಳಷ್ಟೇ ಜಾಣೆಯಾದ ಒಂಬತ್ತು ವರ್ಷದ ಹುಡುಗಿಗೆ? ಅವಳಿಗೂ ಶಾಲೆ ಇತ್ತು, ಗೆಳತಿಯರಿದ್ದರು. ಅವಳಿಗಾಗಿ ಯಾವ ಸಂಸದ ಎದ್ದು ನಿಂತಾನು?

ನಾವೇನೂ ಬೇರೆಯಲ್ಲ. 2024ರ ಜುಲೈಯಲ್ಲಿ ಕರ್ನಾಟಕದ ಸಂಪುಟ ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲು ಮಸೂದೆ ಒಪ್ಪಿ, ಎರಡೇ ದಿನದಲ್ಲಿ ತಡೆಹಿಡಿದಾಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎಷ್ಟು ಮಂದಿ ‘ಜಾರಿಗೆ ಬರಲೇಬೇಕಿತ್ತು’ ಎಂದು ಬರೆದೆವು, ನೆನಪಿದೆಯೇ? ಬರೆದದ್ದು ಎಲ್ಲಿ ಕೂತು? ವಾಕಡ್‌ನಲ್ಲಿ, ಮಹಾರಾಷ್ಟ್ರದಲ್ಲಿ ದುಡಿದು, ಮಹಾರಾಷ್ಟ್ರದಲ್ಲಿ ಮನೆ ಕಟ್ಟಿ. ಊರಿನಲ್ಲಿ ಕೆಲಸ ಸಿಗದ ಸಂಕಟ ಸುಳ್ಳಲ್ಲ, ಆ ಸಂಕಟದಿಂದಲೇ ನಾವಿಲ್ಲಿರುವುದು. ಆದರೂ ನಾನು ಅವತ್ತು ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗಿದ್ದೆ, ಅದಕ್ಕೆ ಈಗ ನಾಚಿಕೆಯಾಗುತ್ತದೆ.

ಈ ಬರಹದ ಕರಡು ಓದಿದ ಗೆಳೆಯನ ಪ್ರಶ್ನೆ: ‘ಮಕ್ಕಳಿಗೆ ಸ್ಫೂರ್ತಿ ಬರಲಿ ಅಂತ ಒಂದು ಕತೆ ಹೇಳಿದ್ರೆ ನಿನಗೇನು ಕಷ್ಟ?’ ಕಷ್ಟ ಇದು. ‘ಹುಟ್ಟಿನಿಂದಲೇ ಬರಬೇಕು’ ಎಂದು ಕೇಳಿಸಿಕೊಂಡ ಐವತ್ತು ಮಕ್ಕಳಲ್ಲಿ ನಲವತ್ತೆಂಟು ಮಂದಿ ಮನೆಗೆ ಹೋಗುವಾಗ ತಮಗದು ಬಂದಿಲ್ಲ ಎಂದು ತಿಳಿದುಕೊಂಡೇ ಹೋಗುತ್ತಾರೆ. ನನ್ನ ಮಗಳು ಲಿಫ್ಟಿನಲ್ಲೇ ಕೇಳಿದಳು, ‘ಪಪ್ಪಾ, ನಂಗೆ ಹುಟ್ಟಿದಾಗಲೇ ಬಂದಿಲ್ಲ ಅಲ್ವಾ?’ ಎಂದು. ಅವಳಿಗೆ ಸುಲ್ತಾನ್ ಖಾನ್ ಅಭ್ಯಾಸ ಪಂದ್ಯಾವಳಿಯಲ್ಲಿ ಕೊನೆಗೆ ಬಂದದ್ದನ್ನು ಹೇಳಿದೆ. ‘ಲಾಸ್ಟಾ?’ ಎಂದು ಕಣ್ಣರಳಿಸಿದಳು. ಅವತ್ತು ರಾತ್ರಿ ಊಟವಾದ ಮೇಲೆ ತಾನೇ ಬೋರ್ಡು ತಂದಳು.

ಸುಲ್ತಾನ್ ಖಾನನಿಗೆ ಅಸಾಧಾರಣ ಶಕ್ತಿ ಇತ್ತೆಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಕಟ್ಟೆಯ ಮೇಲೆ ಮೂವತ್ತು ವರ್ಷ ಕೂತ ಎಲ್ಲ ಕಾಕಾಗಳೂ ಕಾಪಾಬ್ಲಾಂಕಾನನ್ನು ಸೋಲಿಸುತ್ತಿರಲಿಲ್ಲ. ಆದರೆ ಅವನಪ್ಪ ಎಳೆಯ ಮಗನನ್ನು ಕೂರಿಸಿಕೊಂಡು ಪ್ಯಾದೆ ನಡೆಸುವುದನ್ನು ಕಲಿಸಿದಾಗ ಮೊದಲು ಟೆಸ್ಟ್ ತಗೊಂಡಿರಲಿಲ್ಲ.

ಎದುರಿನ ಕಟ್ಟಡ ಈಗ ಎಂಟನೇ ಸ್ಲ್ಯಾಬಿಗೆ ಬಂದಿದೆ. ಸೆಂಟ್ರಿಂಗಿನವರು ಸ್ಲ್ಯಾಬ್ ಮುಗಿಯುವವರೆಗೆ ಇರುತ್ತಾರೆ, ಆಮೇಲೆ ಠೇಕೇದಾರ ಕರೆದ ಕಡೆ ಹೋಗುತ್ತಾರೆ, ಚಾಕಣವೋ ತಳೇಗಾಂವೋ. ಐದಾರು ತಿಂಗಳು ಇರಬಹುದು. ಮೊನ್ನೆ ಹುಡುಗನನ್ನು ಮಾತಾಡಿಸಿದೆ. ಮೊದಲು ಹಿಂದಿಯಲ್ಲಿ ಉತ್ತರಿಸಿದ, ನಾನು ನಮ್ಮ ಕಡೆಯ ಕನ್ನಡ ಶುರುಮಾಡಿದ ಮೇಲೆ ನಕ್ಕ. ಕುದುರೆ ಹೇಗೆ ನಡೆಯುತ್ತದೆ ಎಂದು ಕೇಳಿದೆ. ‘ಎರಡೂವರಿ ಮನಿ’ ಎಂದ. ಗಾಜಿನಾಚೆಯಿಂದಲೇ ಕಲಿತಿದ್ದಾನೆ. ಇದನ್ನು ಟ್ಯಾಲೆಂಟ್ ಎಂದು ಕಮಿಟಿಯ ಮುಂದಿಟ್ಟರೆ ಕೆಲಸ ಇವತ್ತೇ ಆಗುತ್ತದೆ, ಅದಕ್ಕೇ ಇಡುತ್ತಿಲ್ಲ. ಅವನಿಗೊಬ್ಬ ತಂಗಿಯಿದ್ದಾಳೆ. ಗಾಜಿನ ಕಡೆ ತಿರುಗಿಯೂ ನೋಡದೆ ಮರಳಿನಲ್ಲಿ ಆಡುತ್ತಿರುತ್ತಾಳೆ. ಅವಳನ್ನೂ ಸೇರಿಸಬೇಕು.

ಪ್ರಸ್ತಾಪ ಬರೆದಾಗಿದೆ. ಎದುರಿನ ಸೈಟಿನ ಮಕ್ಕಳಲ್ಲಿ ಬರಲು ಇಷ್ಟವಿರುವ ಎಲ್ಲರಿಗೂ ಶನಿವಾರದ ಬ್ಯಾಚು, ಟೆಸ್ಟ್ ಇಲ್ಲ, ಖರ್ಚು ನಾವು ಹಂಚಿಕೊಳ್ಳುವುದು. ಸಭೆಯ ಮುಂದೆ ಬರಲು ಹನ್ನೆರಡು ಮನೆಯ ಸಹಿ ಬೇಕು. ಇದುವರೆಗೆ ಬಿದ್ದಿರುವುದು ಏಳು. ಅದರಲ್ಲಿ ನಾಲ್ಕು ಮರಾಠಿ ಮನೆ, ಒಂದು ತೆಲುಗು. ಕನ್ನಡದವರದು ಎರಡು, ಒಂದು ನನ್ನದೇ. ಸಭೆ ಈ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ. ಹಾಳೆ ಬಿ ವಿಂಗ್‌ನ ವಾಚ್‌ಮನ್ ಹತ್ತಿರ ಇದೆ, ಪೆನ್ನೂ ಅಲ್ಲೇ ಕಟ್ಟಿಟ್ಟಿದ್ದೇನೆ.